ಗರುಡಗಂಬವೂ ಬಜ್ಪೆಯ ಬೆಟ್ಟವೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಬರುವ ಯಾತ್ರಿಕರು ಗೋಡೆಯ ಆನೆಗಳ ಸಾಲನ್ನೂ ಕುದುರೆಗಳ ಸಾಲನ್ನೂ ಕಂಡು ಬೆರಗಾಗಿ, ಬಹುಮಟ್ಟಿಗೆ ಅಷ್ಟರಿಂದಲೇ ತೃಪ್ತರಾಗಿ ಹಿಂದಿರುಗುವರು. ಆ ದೇವಾಲಯದ ಬಳಿಯಲ್ಲಿಯೇ ಇರುವ ಒಂದು ಕಂಬದ ಮುಂದೆ ನಿಂತು ನೋಡುವವರು ವಿರಳ. ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನ ನೆನಪಿನ ಕಂಬವದು. 1220ರ ಸುಮಾರಿನಲ್ಲಿ ಈ ಲಕ್ಷ್ಮನು ಒಡೆಯನ ಮೇಲಣ ನಿಷ್ಠೆಯಿಂದ ಮಡದಿಯೊಡನೆಯೂ ತನ್ನ ಭಟರೊಡನೆಯೂ ಪ್ರಾಣಾರ್ಪಣೆ ಮಾಡಿದನೆಂಬುದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಕಂಬದ ಮೇಲೆ ಕತ್ತಿಯನ್ನು ತಮ್ಮ ಕೊರಳಿಗೆ ತಾವೇ ಒಡ್ಡಿಕೊಂಡ ವೀರರ ಸಣ್ಣ ಸಣ್ಣ ಮೂರ್ತಿಗಳುಂಟು. ಇಂಥವರಿಗೆ ಗರುಡರೆಂದು ಹೆಸರು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಅರಸನಿಗೆ ತಾವು ಎಂಬುದು ಅವರ ಸಂಕಲ್ಪ. ಒಡೆಯನು ಬಿದ್ದರೆ ತಾವೂ ಬೀಳತಕ್ಕದ್ದೆಂಬುದು ಅವರ ವ್ರತ. ಕೃಷ್ಣರಾಜಪೇಟೆಯ ಸೀಮೆಯ ಅಗ್ರಹಾರ ಬಾಚಹಳ್ಳಿಯಲ್ಲಿಯೂ ಹೊಯ್ಸಳರ ಸೇವೆಯಲ್ಲಿ ಹೀಗೆ ಗರುಡರಾದವರ ಕಂಬಗಳಿವೆ. ಬೇಲೂರಿನ ಚೆನ್ನಕೇಶವನ ಅಂಗಳದಲ್ಲಿ ಸ್ವಾಮಿಗೆ ಎದುರಾಗಿ ಕೈಮುಗಿದು ನಿಂತಿರುವ ಗರುಡನನ್ನು ನೋಡಿದವರಿಗೆ ಈ ವ್ರತದ ಮೂಲವೆಲ್ಲಿಯದೆಂದು ಬೇರೆ ಹೇಳಬೇಕಾದುದಿಲ್ಲ.

ಕಲ್ಲಿನ ಗರುಡನಿಗೆ ಹಾರುವ ಕೆಲಸವಿಲ್ಲ. ನಿಜವಾಗಿಯೇ ಆಕಾಶದಲ್ಲಿ ಹಾರುವ ಯಂತ್ರವನ್ನು ಮನುಷ್ಯನು ಕಲ್ಪಿಸಿಕೊಂಡು ನೂರ ಇಪ್ಪತ್ತು ವರ್ಷಗಳ ಮೇಲಾಯಿತು. ಆ ಯಂತ್ರದ ಮುಂಭಾಗದಲ್ಲಿ ಅಕ್ಕಪಕ್ಕದಲ್ಲಿ ಇಬ್ಬರು ಕುಳಿತಿರುವರು; ಒಬ್ಬನು ಹಿರಿಯ, ಮತ್ತೊಬ್ಬನು ಕಿರಿಯ. ಹಿರಿಯನು ತಪ್ಪು ದಾರಿ ಹಿಡಿದಾಗ ಕಿರಿಯನ ನಿಷ್ಠೆ ಯಾವುದು? ಕೈಮುಗಿದು ಜೊತೆಯಲ್ಲಿ ಬೀಳುವುದೋ, ಕೈಚಾಚಿ ತಡೆಯುವುದೋ? ಈ ಪ್ರಶ್ನೆಯು 2010ನೆಯ ಇಸವಿಯ ಮೇ ತಿಂಗಳ 22ನೆಯ ದಿನದ ಬೆಳಗಿನ ಜಾವ ಮಂಗಳೂರಿನ ಬಜ್ಪೆಯ ಬೆಟ್ಟದ ಮೇಲೆ ಕೆಲವೇ ಕ್ಷಣಗಳಲ್ಲಿ ಉದ್ಭವಿಸಿ, ಕೆಲವೇ ಕ್ಷಣಗಳಲ್ಲಿ 158 ಮಂದಿಯ ಪ್ರಾಣದೊಡನೆ ಮುಗಿದುಹೋಯಿತು. ಆ ದಿನದ ವೃತ್ತಾಂತವನ್ನು ಕ್ರಮವಾಗಿ ತಿಳಿಯುವುದು ಉಚಿತ.

ಘಟ್ಟದ ಮೇಲಣ ಹಾಸನದ ಸೀಮೆಗೂ ಕೆಳಗಿನ ಕರಾವಳಿಗೂ ಇರುವ ನಂಟು ಇಂದಿನದಲ್ಲ. ಹೊಯ್ಸಳರ ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಪಡುವಣ ಕಡಲಿನ ರೇವುಗಳಲ್ಲಿ ಇಳಿದು ಘಟ್ಟವನ್ನು ಹತ್ತಿ ಬರುತ್ತಿದ್ದುವು. ಶಿರಾಡಿ, ಚಾರ್ಮಾಡಿಗಳ ದಾರಿ ಅನೇಕ ತಲೆಮಾರುಗಳದು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲುಮಾರ್ಗವು ಪೂರ್ಣವಾದ ಮೇಲೆ ಅರಸೀಕೆರೆಯ ಜಂಕ್ಷನ್ನಿಗೂ ಕಡಲತೀರಕ್ಕೂ ನೇರವಾದ ಸಂಬಂಧ ಉಂಟಾಯಿತು. ಒಂದು ಕಾಲಕ್ಕೆ ಅರಬ್ಬರು ಕುದುರೆಗಳನ್ನು ತುಂಬಿಕೊಂಡು ಇತ್ತ ಬಂದಂತೆ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರಾವಳಿಯ ಜನ ಹೊಟ್ಟೆಪಾಡಿಗಾಗಿ ಅದೇ ಸಮುದ್ರವನ್ನು ದಾಟಿ ಅತ್ತ ಹೊರಟರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಮನೆಗೊಬ್ಬನಾದರೂ ದುಬೈಯಲ್ಲಿಯೋ ಅಬುಧಾಬಿಯಲ್ಲಿಯೋ ದುಡಿಯುತ್ತಿರುವ ಊರುಗಳು ಎಷ್ಟೋ ಇವೆ. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮಲಯಾಳ ಈ ಎಲ್ಲ ಮಾತುಗಳೂ ಒಂದೇ ವಿಮಾನದೊಳಗೆ ಕೇಳಿಬರುವುದು ಅಲ್ಲಿಯ ವಾಡಿಕೆ.

ಆ ವಿಮಾನಗಳು ಬಂದಿಳಿಯುವ ಬಜ್ಪೆಯ ನಿಲ್ದಾಣವು ನಗರದ ಹೊರಗೆ ಒಂದು ಗುಡ್ಡದ ತಲೆಯನ್ನು ಸಮಮಾಡಿ ಕಟ್ಟಿದುದು. 1951ರ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ಉದ್ಘಾಟಿಸಿದರು. ಮೊದಲಿದ್ದ ಓಟದ ಹಾದಿ ಗಿಡ್ಡದು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ಎಂಬ ಸಣ್ಣ ವಿಮಾನವೊಂದು ಇಳಿಯುವಾಗ ಹಾದಿಯ ಕೊನೆಯನ್ನು ಮೀರಿ ಗುಡ್ಡದ ಅಂಚಿಗೆ ಹೋಗಿ ನಿಂತಿತು. ಅದು ಕೊರಕಲಿಗೆ ಬೀಳಲಿಲ್ಲ, ಯಾರೂ ಸಾಯಲಿಲ್ಲ. ದೈವವು ಆ ದಿನ ಅಂಚನ್ನು ತೋರಿಸಿ ಬಿಟ್ಟಿತೆಂದೇ ಹೇಳಬೇಕು. 2006ರಲ್ಲಿ 2450 ಮೀಟರು ಉದ್ದದ, ಎಂದರೆ ಸುಮಾರು 8 ಸಾವಿರ ಅಡಿಯ, ಎರಡನೆಯ ರನ್‌ವೇ ಬಳಕೆಗೆ ಬಂದಿತು. ದೊಡ್ಡ ಜೆಟ್ ವಿಮಾನಗಳೂ ಪರದೇಶದ ಸಂಚಾರವೂ ಅದರಿಂದ ಸಾಧ್ಯವಾದುವು. ಉದ್ದವು ಹೆಚ್ಚಿತಾದರೂ ಸ್ಥಳದ ಸ್ವಭಾವ ಬದಲಾಗಲಿಲ್ಲ. ಮೇಜಿನ ಮೇಲ್ಮೈಯಂತೆ ಎತ್ತರದಲ್ಲಿ ಸಮತಲ; ಕೊನೆಗಳಲ್ಲಿ ಆಳವಾದ ಕಣಿವೆ. ಇಂಥದನ್ನು ಟೇಬಲ್ ಟಾಪ್ ರನ್‌ವೇ ಎನ್ನುವರು. ಬಯಲುಸೀಮೆಯ ನಿಲ್ದಾಣದಲ್ಲಿ ಹಾದಿ ಮೀರಿದ ವಿಮಾನವು ಹೊಲಕ್ಕೆ ನುಗ್ಗಿ ನಿಂತೀತು. ಇಲ್ಲಿ ಮೀರಿದರೆ ನಿಲ್ಲಲು ನೆಲವೇ ಇಲ್ಲ.

ಇಳಿಯುವುದೆಂದರೇನೆಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಹದ್ದು ಮರದ ಕೊಂಬೆಗೆ ಎರಗುವ ಹಾಗೆ ವಿಮಾನವು ಒಮ್ಮೆಗೇ ನೆಲಕ್ಕೆ ಎರಗಲಾರದು. ರನ್‌ವೇಯ ಅಂಚಿನಿಂದ ಸುಮಾರು ಮೂರು ಡಿಗ್ರಿ ಕೋನದಲ್ಲಿ ಆಕಾಶಕ್ಕೆ ಒಂದು ಇಳಿಜಾರನ್ನು ಹಾಸಿದೆಯೆಂದು ಭಾವಿಸಿದರೆ, ಆ ಇಳಿಜಾರಿನ ಮೇಲೆ ನಿಯಮಿತವಾದ ವೇಗದಿಂದ ಜಾರುತ್ತ ಬರಬೇಕು. ದಾರಿ ತೋರಿಸಲು ನೆಲದಿಂದ ರೇಡಿಯೋ ತರಂಗಗಳು ಹೊರಡುವುವು. ಎತ್ತರ, ವೇಗ, ಇಳಿಯುವ ದರ ಈ ಮೂರೂ ಒಂದು ಹದಕ್ಕೆ ಬಂದಿದ್ದರೆ ಅದು ಸ್ಥಿರವಾದ ಇಳಿತ. ಒಂದು ನಿಶ್ಚಿತ ಎತ್ತರಕ್ಕೆ ಬರುವಷ್ಟರಲ್ಲಿ ಈ ಹದ ಸಿದ್ಧಿಸದಿದ್ದರೆ ಇಳಿಯುವ ಪ್ರಯತ್ನವನ್ನು ಬಿಟ್ಟು, ಮತ್ತೆ ಮೇಲಕ್ಕೆ ಏರಿ, ಒಂದು ಸುತ್ತು ಬಂದು, ಮೊದಲಿನಿಂದ ಇಳಿಯತಕ್ಕದ್ದು. ಇದಕ್ಕೆ ಗೋ ಅರೌಂಡ್ ಎಂದು ಹೆಸರು. ಇದರಲ್ಲಿ ಅವಮಾನವೇನೂ ಇಲ್ಲ. ಖರ್ಚಾಗುವುದು ಸ್ವಲ್ಪ ಇಂಧನ, ಕೆಲವು ನಿಮಿಷಗಳ ಕಾಲ. ಹಾಗಿದ್ದರೂ ಮನುಷ್ಯಸ್ವಭಾವಕ್ಕೆ ಹಿಂದಿರುಗುವುದು ಮುಂದುವರಿಯುವುದಕ್ಕಿಂತ ಕಠಿನವಾಗಿ ತೋರುವುದು.

ಆ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿಗೆ ಸೇರಿದ ಬೋಯಿಂಗ್ 737-800 ಜಾತಿಯ ವಿಮಾನವು ದುಬೈಯಿಂದ ಹೊರಟಾಗ ಭಾರತದ ಕಾಲಮಾನದಲ್ಲಿ ಎರಡೂವರೆ ಗಂಟೆ ದಾಟಿತ್ತು. ಒಳಗೆ 160 ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ, ಒಟ್ಟು 166 ಮಂದಿ. ಹಿರಿಯ ಚಾಲಕರು ಸರ್ಬಿಯಾ ಮೂಲದವರು. ಹತ್ತು ಸಾವಿರ ಗಂಟೆಗಳಿಗೂ ಮಿಕ್ಕ ಹಾರಾಟದ ಅನುಭವವುಳ್ಳವರು. ಕಿರಿಯ ಚಾಲಕರು ಭಾರತೀಯರು. ನಿಯಮಪಾಲನೆಯಲ್ಲಿ ಕಟ್ಟುನಿಟ್ಟಾದವರೆಂದು ಹೆಸರಾದವರು. ಕಾಕ್‌ಪಿಟ್ಟಿನ ಶಬ್ದಗಳನ್ನು ಹಿಡಿದಿಡುವ ಯಂತ್ರವೊಂದು ವಿಮಾನದಲ್ಲಿ ಇರುವುದಷ್ಟೆ. ಅದರಲ್ಲಿ ಉಳಿದ ಕೊನೆಯ ಎರಡು ಗಂಟೆಗಳ ಪೈಕಿ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳವರೆಗೆ ಹಿರಿಯ ಚಾಲಕರ ಮಾತು ಕೇಳಿಸುವುದಿಲ್ಲ. ಗೊರಕೆಯ ಶಬ್ದ ಕೇಳಿಸುವುದು. ಇರುಳಿನ ಕೊನೆಯ ಜಾವದಲ್ಲಿ ಮನುಷ್ಯನ ದೇಹವೂ ಬುದ್ಧಿಯೂ ಅತಿಮಂದವಾಗಿರುವುವೆಂದೂ, ದೀರ್ಘನಿದ್ರೆಯಿಂದ ಎದ್ದ ಕೂಡಲೇ ವಿವೇಚನೆಯು ಪೂರ್ಣವಾಗಿ ಎಚ್ಚರಗೊಳ್ಳುವುದಿಲ್ಲವೆಂದೂ ವೈದ್ಯಶಾಸ್ತ್ರವು ಹೇಳುವುದು. ಸುಷುಪ್ತಿಯಿಂದ ಜಾಗ್ರತ್ತಿಗೆ ಬರುವ ನಡುವಣ ಆ ಮಬ್ಬಿನಲ್ಲಿ 166 ಜೀವಗಳ ಭಾರವನ್ನು ಹೊತ್ತ ಯಂತ್ರವು ಮಂಗಳೂರನ್ನು ಸಮೀಪಿಸಿತು.

ಅದೇ ಸಮಯಕ್ಕೆ ಮತ್ತೊಂದು ಕೊರತೆಯೂ ಸೇರಿತು. ಮಂಗಳೂರಿನ ರಾಡಾರ್ ಯಂತ್ರವು ಮೇ 20ರಿಂದ ಕೆಟ್ಟು ನಿಂತಿದ್ದಿತು. ಆದಕಾರಣ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ದೊರೆತುದು ವಾಡಿಕೆಗಿಂತ ಹತ್ತಿರ ಬಂದ ಮೇಲೆ. ಎತ್ತರವನ್ನು ಕಳೆದುಕೊಳ್ಳಲು ಉಳಿದ ದೂರ ಕಡಮೆಯಾಯಿತು. ಆದರೂ ಯುಕ್ತಿಯಿಂದ ನಡೆಸಿದ್ದರೆ ಇದೊಂದೇ ಕಾರಣದಿಂದ ಅನಾಹುತವಾಗುತ್ತಿರಲಿಲ್ಲ. ಗಾಳಿ ಶಾಂತವಾಗಿತ್ತು, ಮಳೆಯಿರಲಿಲ್ಲ, ಆರು ಕಿಲೋಮೀಟರುಗಳವರೆಗೆ ದೃಷ್ಟಿ ಸಾಗುತ್ತಿತ್ತು. ಪ್ರಕೃತಿಯು ಆ ದಿನ ಯಾವ ಅಪರಾಧವನ್ನೂ ಮಾಡಲಿಲ್ಲ.

ರನ್‌ವೇ ಕಣ್ಣಿಗೆ ಬಿದ್ದಾಗ ವಿಮಾನವು ಇರಬೇಕಾದುದರ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಹಿರಿಯರು ಮೂಗನ್ನು ಕೆಳಗೆ ಮಾಡಿ ಕಡಿದಾಗಿ ಇಳಿಸತೊಡಗಿದರು. ನೆಲವು ವೇಗವಾಗಿ ಮೇಲೆ ಬರುತ್ತಿದೆಯೆಂದು ಯಂತ್ರವೇ ಮತ್ತೆ ಮತ್ತೆ ಕೂಗಿ ಎಚ್ಚರಿಸಿತು. ಕಿರಿಯರು ಗೋ ಅರೌಂಡ್ ಎಂದರು. ಒಮ್ಮೆಯಲ್ಲ, ಮೂರು ಬಾರಿ. ಇಷ್ಟರಲ್ಲಿ ಗೋಪುರದವರು, ಸರಿಯಾದ ಇಳಿಜಾರಿಗೆ ಬಂದಿರುವಿರಾ ಎಂದು ರೇಡಿಯೋದಲ್ಲಿ ಕೇಳಿದರು. ಹೌದೆನ್ನುವಂತೆ ಹಿರಿಯರು ಒತ್ತಾಯಿಸಿದರು, ಕಿರಿಯರು ಹೌದೆಂದರು. ಇಳಿಯಲು ಅನುಮತಿ ಬಂದಿತು. ತಾನು ಬೇಡವೆಂದು ಹೇಳುತ್ತಿರುವ ಕಾರ್ಯಕ್ಕೆ ತನ್ನ ಬಾಯಿಂದಲೇ ಒಪ್ಪಿಗೆಯನ್ನು ಕೇಳಿ ಕೊಡಿಸಬೇಕಾದ ಆ ಕ್ಷಣವು ಈ ವೃತ್ತಾಂತದಲ್ಲೆಲ್ಲ ಅತ್ಯಂತ ದಾರುಣವಾದುದು.

ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಬೇಕಾದ ವಿಮಾನವು ಸುಮಾರು 200 ಅಡಿ ಎತ್ತರದಲ್ಲಿ ದಾಟಿತು; 144 ನಾಟ್ ಇರಬೇಕಾದ ವೇಗವು 160ನ್ನು ಮೀರಿದ್ದಿತು. ಚಕ್ರಗಳು ಗಟ್ಟಿಯಾಗಿ ನೆಲವನ್ನು ಮುಟ್ಟುವ ಹೊತ್ತಿಗೆ ಸುಮಾರು 5200 ಅಡಿ ಹಿಂದೆ ಸರಿದುಹೋಗಿ, ಮುಂದೆ ಉಳಿದುದು ಸುಮಾರು 2800 ಅಡಿ. ಆಗಲಾದರೂ ಎಂಜಿನುಗಳ ಹಿಮ್ಮುಖ ಬಲವನ್ನೂ ಬ್ರೇಕುಗಳ ಪೂರ್ಣಶಕ್ತಿಯನ್ನೂ ಬಳಸಿದ್ದರೆ ವಿಮಾನವು ಗುಡ್ಡದ ಮೇಲೆಯೇ ನಿಲ್ಲುತ್ತಿತ್ತೆಂದು ವಿಚಾರಣೆಯಲ್ಲಿ ಗೊತ್ತಾಯಿತು. ಹಿರಿಯರು ಹಿಮ್ಮುಖ ಬಲವನ್ನು ಹಾಕಿ, ನಿಲ್ಲಿಸಲು ತೊಡಗಿ, ಮರುಕ್ಷಣವೇ ಮನಸ್ಸನ್ನು ಬದಲಿಸಿ, ಮೇಲೇರುವ ಪ್ರಯತ್ನ ಮಾಡಿದರು. ಆಕಾಶದಲ್ಲಿದ್ದಾಗ ಮಾಡಬೇಕಾಗಿದ್ದುದನ್ನು ನೆಲ ಮುಗಿಯುವಾಗ ಮಾಡಹೊರಟಂತಾಯಿತು. ಹಾದಿಯ ಕೊನೆಯಲ್ಲಿ ತೊಂಬತ್ತು ಮೀಟರಿನ ರಕ್ಷಣಾಸ್ಥಳವನ್ನು ದಾಟಿ, ದಿಕ್ಕು ತೋರಿಸುವ ಆಂಟೆನಾದ ಕಾಂಕ್ರೀಟಿನ ಕಟ್ಟೆಗೆ ಬಲರೆಕ್ಕೆ ಬಡಿದು, ಬೇಲಿಯನ್ನು ಮುರಿದು, ವಿಮಾನವು ಕಣಿವೆಗೆ ಉರುಳಿ ಉರಿದುಹೋಯಿತು. ಆಗ ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಒಡೆದ ಒಡಲಿನಿಂದ ಹೊರಬಂದು ಬದುಕಿದವರು 8 ಮಂದಿ. ಅಪ್ಪನನ್ನು ಕರೆದೊಯ್ಯಲು, ಮಗಳನ್ನು ಕರೆದೊಯ್ಯಲು, ಮದುವೆಗೆ ಬರುವವರನ್ನು ಕರೆದೊಯ್ಯಲು ನಿಲ್ದಾಣಕ್ಕೆ ಬಂದಿದ್ದ ಜನ ಗುಡ್ಡದಾಚೆಯ ಹೊಗೆಯನ್ನು ಕಂಡರು.

ಭಾರತ ಸರ್ಕಾರವು ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಲಿಯನ್ನು ನೇಮಿಸಿತು. ಹದತಪ್ಪಿದ ಇಳಿತವನ್ನು ಹಿರಿಯ ಚಾಲಕರು ಬಿಡದೆ ಮುಂದುವರಿಸಿದುದೇ ನೇರವಾದ ಕಾರಣವೆಂದು ಮಂಡಲಿಯು ನಿರ್ಣಯಿಸಿತು. ನಿದ್ರೆ, ರಾಡಾರಿನ ಕೊರತೆ ಮೊದಲಾದುವು ಸಹಕಾರಿ ಕಾರಣಗಳು. ಆ ಸಹಕಾರಿ ಕಾರಣಗಳ ನಡುವೆ ಒಂದು ಮಾತು ವಾಚಕರ ವಿಶೇಷಾವಧಾನಕ್ಕೆ ಯೋಗ್ಯವಾಗಿದೆ. ಕಿರಿಯ ಚಾಲಕನು ತಾನೇ ಮೇಲೇರಿಸಬಹುದೇ ಕೂಡದೇ ಎಂಬ ವಿಷಯದಲ್ಲಿ ಸೂಚನೆಗಳು ಅಸ್ಪಷ್ಟವಾಗಿದ್ದುದರಿಂದಲೋ ಏನೋ, ಅವರು ಪದೇ ಪದೇ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲವೆಂಬುದೇ ಆ ಮಾತಿನ ತಾತ್ಪರ್ಯ. ಅವರ ಮುಂದೆಯೂ ಅದೇ ಚುಕ್ಕಾಣಿಯಿದ್ದಿತು. ಇಬ್ಬರಿಗೂ ಸಮಾನವಾದ ಯಂತ್ರವದು. ಬುದ್ಧಿಯಿದ್ದಿತು, ಕಣ್ಣಿದ್ದಿತು, ಮಾತೂ ಇದ್ದಿತು. ಇಲ್ಲದಿದ್ದುದು ಅಧಿಕಾರದ ಸ್ಪಷ್ಟತೆ.

ಈ ದೋಷವು ಒಂದು ದೇಶಕ್ಕೋ ಒಂದು ಕಾಲಕ್ಕೋ ಸೇರಿದುದಲ್ಲ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ನೆಲದ ಮೇಲೆಯೇ ಡಿಕ್ಕಿಯಾಗಿ 583 ಮಂದಿ ಮಡಿದರು. ಎದುರಿನ ವಿಮಾನ ಇನ್ನೂ ಹಾದಿಯಲ್ಲಿದೆಯೇನೋ ಎಂದು ಡಚ್ ವಿಮಾನದ ಎಂಜಿನಿಯರರು ಶಂಕಿಸಿ ಕೇಳಿದರು. ಸುಪ್ರಸಿದ್ಧರಾದ ಹಿರಿಯ ಚಾಲಕರು ಆ ಶಂಕೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿ ವಿಮಾನವನ್ನು ಓಡಿಸಿದರು. 1982ರ ಫೆಬ್ರುವರಿ 9ರಂದು ಜಪಾನಿನಲ್ಲಿ ಇದಕ್ಕೆ ಪ್ರತಿಯಾದ ಸಂಗತಿ ನಡೆಯಿತು. ಟೋಕಿಯೋವಿನ ಹನೇಡಾ ನಿಲ್ದಾಣಕ್ಕೆ ಸಮುದ್ರದ ಮೇಲಿನಿಂದ ಇಳಿದುಬರುತ್ತಿದ್ದ ವಿಮಾನದ ಹಿರಿಯ ಚಾಲಕರು ಚಿತ್ತವಿಕಾರಕ್ಕೆ ಒಳಗಾಗಿ ಗಾಳಿಯಲ್ಲಿಯೇ ಎಂಜಿನಿನ ಹಿಮ್ಮುಖ ಬಲವನ್ನು ಹಾಕಿದರು. ಕಿರಿಯ ಚಾಲಕರೂ ಎಂಜಿನಿಯರರೂ ಅವರ ಮೇಲೆ ಕೈಮಾಡಿ ತಡೆಯಲು ಹೆಣಗಿದರು. ವಿಮಾನವು ರನ್‌ವೇಗೆ ಸ್ವಲ್ಪ ಮೊದಲೇ ಆಳವಿಲ್ಲದ ನೀರಿಗೆ ಬಿದ್ದಿತು. ಒಳಗಿದ್ದ 174 ಮಂದಿಯಲ್ಲಿ ಸತ್ತವರು 24, ಉಳಿದವರು ಬದುಕಿದರು. ಕೈಚಾಚಿದುದರಿಂದ ಎಲ್ಲರೂ ಉಳಿಯಲಿಲ್ಲವೆಂಬುದು ನಿಜ. ಆದರೂ ಆ ಕೈಗಳು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸಲು ಹೆಚ್ಚು ಪಾಂಡಿತ್ಯ ಬೇಕಾಗಿಲ್ಲ.

ಟೆನೆರೀಫಿನ ತರುವಾಯ ಅಮೆರಿಕಾದಲ್ಲಿ 1979ರಲ್ಲಿ ನಾಸಾ ಸಂಸ್ಥೆಯವರು ವಿದ್ವಾಂಸರನ್ನೂ ಚಾಲಕರನ್ನೂ ಕೂಡಿಸಿ ಈ ವಿಷಯವನ್ನು ಚರ್ಚಿಸಿದರು. ಕಿರಿಯನು ಹೇಗೆ ಮಾತಾಡಬೇಕು, ಹಿರಿಯನು ಹೇಗೆ ಕೇಳಬೇಕು ಎಂಬುದನ್ನು ಪಾಠದಂತೆ ಕಲಿಸುವ ಪದ್ಧತಿ 1981ರಿಂದ ಅಲ್ಲಿ ರೂಢಿಗೆ ಬಂದು, ಕ್ರಮೇಣ ಎಲ್ಲ ದೇಶಗಳಿಗೂ ಹಬ್ಬಿತು. ಹೀಗಿದ್ದರೂ ಮಂಗಳೂರಿನ ಅನಂತರ ಹತ್ತು ವರ್ಷಕ್ಕೆ, 2020ರ ಆಗಸ್ಟ್ 7ರಂದು, ಕೋಳಿಕ್ಕೋಡಿನ ಬೆಟ್ಟದ ನಿಲ್ದಾಣದಲ್ಲಿ ಅದೇ ಸಂಸ್ಥೆಯ, ಅದೇ ಜಾತಿಯ ವಿಮಾನವು, ಅದೇ ದುಬೈಯಿಂದ ಬಂದು, ಮಳೆಯಲ್ಲಿ ಹಾದಿ ಮೀರಿ ಕೆಳಗೆ ಬಿದ್ದಿತು. 190 ಮಂದಿಯಲ್ಲಿ 21 ಮಂದಿ ಸತ್ತರು. ಇಬ್ಬರು ಚಾಲಕರೂ ಅವರೊಳಗೆ ಸೇರಿದ್ದರು. ಅಲ್ಲಿಯೂ ಕಿರಿಯರು ಗೋ ಅರೌಂಡ್ ಎಂದಿದ್ದರು. ಅಲ್ಲಿಯೂ ಆ ಮಾತು ನಡೆಯಲಿಲ್ಲ. ಅಲ್ಲಿಯೂ ಅವರು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ಹಿಂದೆ ಬರೆದ ವಾಕ್ಯವನ್ನೇ ಮತ್ತೆ ಬರೆಯಬೇಕಾಯಿತು.

ಅರಸೀಕೆರೆಯ ಜಂಕ್ಷನ್ನಿನಲ್ಲಿ ದಿನವೂ ನೋಡಲು ದೊರೆಯುವ ಒಂದು ದೃಷ್ಟಾಂತವನ್ನು ಇಲ್ಲಿ ಸ್ಮರಿಸಬಹುದು. ರೈಲುಗಾಡಿಯನ್ನು ಓಡಿಸುವವನು ಡ್ರೈವರನಾದರೂ ಹಿಂದಿನ ಡಬ್ಬಿಯಲ್ಲಿರುವ ಗಾರ್ಡನ ಕೈಯಲ್ಲಿ ಕೆಂಪು ಬಾವುಟವೂ ಉಂಟು, ಬ್ರೇಕೂ ಉಂಟು. ಅಷ್ಟೇ ಅಲ್ಲ; ಡಬ್ಬಿಯಲ್ಲಿ ಕುಳಿತ ಪ್ರಯಾಣಿಕನೂ ನಿಜವಾದ ಅಪಾಯವನ್ನು ಕಂಡಲ್ಲಿ ಸರಪಳಿಯನ್ನು ಎಳೆದು ಗಾಡಿಯನ್ನು ನಿಲ್ಲಿಸಬಹುದು. ಹಾಗೆ ನಿಲ್ಲಿಸಿದುದರಿಂದ ಡ್ರೈವರನ ಮರ್ಯಾದೆಗೆ ಕುಂದುಂಟಾಯಿತೆಂದು ಯಾರೂ ಭಾವಿಸರು. ನಿಲ್ಲಿಸುವ ಅಧಿಕಾರವನ್ನು ಓಡಿಸುವ ಅಧಿಕಾರದಿಂದ ಬೇರ್ಪಡಿಸಿ ಇತರರ ಕೈಗೂ ಕೊಟ್ಟುದು ರೈಲಿನವರ ವಿವೇಕ. ಯುಕ್ತವಾದ ಮಾತನ್ನು ಬಾಲಕನು ಆಡಿದರೂ ಸ್ವೀಕರಿಸಬೇಕೆಂದು ನೀತಿಶಾಸ್ತ್ರಕಾರರು ವಿಧಿಸಿರುವುದೂ ಇದೇ ಅಭಿಪ್ರಾಯದಿಂದ. ಆದರೆ ಪಾಠಶಾಲೆಗಳಲ್ಲಿ ಆ ನೀತಿಯನ್ನು ಬಾಯಿಪಾಠ ಮಾಡಿಸುವ ಗುರುಗಳೇ, ಕರಿಹಲಗೆಯ ಲೆಕ್ಕದಲ್ಲಿ ತಪ್ಪಿದೆಯೆಂದು ಹುಡುಗನೊಬ್ಬನು ಎದ್ದು ಹೇಳಿದರೆ ಅವನನ್ನು ಗದರಿಸಿ ಕೂಡಿಸುವುದು ಅಪರೂಪವಲ್ಲ. ಮನೆಯಲ್ಲಿ ಹಿರಿಯರ ಮುಂದೆ, ಕಚೇರಿಯಲ್ಲಿ ಸಾಹೇಬರ ಮುಂದೆ, ಮಠದಲ್ಲಿ ಗುರುಗಳ ಮುಂದೆ ಬಾಯಿಮುಚ್ಚುವುದನ್ನು ಬಾಲ್ಯದಿಂದ ಅಭ್ಯಾಸ ಮಾಡಿಕೊಂಡವನು ಸಾವಿರ ಅಡಿ ಎತ್ತರದಲ್ಲಿ ಒಮ್ಮೆಗೇ ಆ ಅಭ್ಯಾಸವನ್ನು ಬಿಡಬೇಕೆಂದು ಬಯಸುವುದು ನ್ಯಾಯವಲ್ಲ. ಮೂರು ಬಾರಿ ಬಾಯಿಬಿಟ್ಟು ಹೇಳಿದ ಆ ಕಿರಿಯ ಚಾಲಕರು ಅನೇಕರಿಗಿಂತ ಹೆಚ್ಚಿನ ಧೈರ್ಯವನ್ನೇ ತೋರಿಸಿದರು. ಅವರ ನೆನಪಿಗೆ ಕಳಂಕವನ್ನು ಹಚ್ಚುವುದು ಯಾರಿಗೂ ಶೋಭಿಸದು.

ಇನ್ನು ಗರುಡರ ವಿಚಾರ. ಕುವರ ಲಕ್ಷ್ಮನ ಕಾಲದಲ್ಲಿ ಒಡೆಯನೊಡನೆ ಬೀಳುವುದು ನಿಷ್ಠೆಯ ಪರಮಾವಧಿಯೆನಿಸಿತ್ತು. ಆ ಕಾಲದ ಧರ್ಮವನ್ನು ಈ ಕಾಲದ ತಕ್ಕಡಿಯಲ್ಲಿ ತೂಗಿ ಹೀಗಳೆಯುವುದು ಇತಿಹಾಸವನ್ನು ಓದುವ ಕ್ರಮವಲ್ಲ. ತಾನು ತೊಟ್ಟ ವ್ರತಕ್ಕೆ ತನ್ನ ಪ್ರಾಣವನ್ನು ತೆತ್ತವನ ಮುಂದೆ ತಲೆಬಾಗತಕ್ಕದ್ದೇ. ಆದರೆ ಹಿಂದೆ 160 ಮಂದಿಯನ್ನು ಕೂಡಿಸಿಕೊಂಡವನಿಗೆ ಆ ವ್ರತವು ಸಲ್ಲದು. ಅವನ ಒಡೆಯನು ಪಕ್ಕದಲ್ಲಿ ಕುಳಿತ ಹಿರಿಯನಲ್ಲ. ಹಿಂದೆ ಕುಳಿತು ಮಗುವಿಗೆ ಹೊದಿಕೆಯನ್ನು ಸರಿಪಡಿಸುತ್ತಿರುವ ಅಪರಿಚಿತ ತಾಯಿಯೇ ಅವನ ಒಡೆಯಳು.

ಸುಟ್ಟುಹೋದ ದೇಹಗಳನ್ನು ಗುರುತಿಸುವುದು ಸುಲಭವಾಗಿರಲಿಲ್ಲ. ರಕ್ತಸಂಬಂಧಿಗಳ ಡಿಎನ್ಎ ಪರೀಕ್ಷೆಯ ಮೂಲಕ ಹಲವರು ತಮ್ಮ ತಮ್ಮ ಮನೆಯವರ ಕೈಸೇರಿದರು. ಕೊನೆಗೂ ಗುರುತು ಸಿಕ್ಕದೆ ಉಳಿದ 12 ದೇಹಗಳನ್ನು ಮಂಗಳೂರಿನ ಕೂಳೂರಿನ ಬಳಿ, ಫಲ್ಗುಣಿ ನದಿಯ ದಡದಲ್ಲಿ, ಎಲ್ಲ ಮತಗಳ ಪ್ರಾರ್ಥನೆಯೊಡನೆ ಒಟ್ಟಾಗಿ ಮಣ್ಣುಮಾಡಿದರು. ಅಲ್ಲಿ ಒಂದು ಸ್ಮಾರಕವನ್ನು ನಿರ್ಮಿಸಲಾಗಿದೆ. ಪ್ರತಿ ವರ್ಷ ಮೇ 22ರಂದು ಮೃತರ ಬಂಧುಗಳೂ ಜಿಲ್ಲೆಯ ಅಧಿಕಾರಿಗಳೂ ಅಲ್ಲಿಗೆ ಹೋಗಿ ಹೂವಿಡುವುದು ನಡೆದುಬಂದಿದೆ. ಹಾಸನದ ಸೀಮೆಯ ಹಳ್ಳಿಹಳ್ಳಿಯ ವೀರಗಲ್ಲುಗಳ ಮೇಲೆ, ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯ ಒಕ್ಕಲಿಗನ ಹೆಸರೂ, ಅವನ ತಂದೆಯ ಹೆಸರೂ, ಕಲ್ಲು ನಿಲ್ಲಿಸಿದ ತಮ್ಮನ ಹೆಸರೂ ಎಂಟುನೂರು ವರ್ಷಗಳಿಂದ ಅಳಿಯದೆ ಉಳಿದಿವೆ. ಫಲ್ಗುಣಿಯ ದಡದಲ್ಲಿ ಮಲಗಿರುವ ಹನ್ನೆರಡು ಮಂದಿಯಲ್ಲಿ ಯಾರು ಎಲ್ಲಿಯವರೆಂದು ಬೇರೆ ಬೇರೆಯಾಗಿ ಹೇಳಿ ಕಲ್ಲು ನಿಲ್ಲಿಸುವಂತಿಲ್ಲ. ಅವರಿಗೆ ಸಲ್ಲಿಸಬಹುದಾದ ಸೇವೆ ಒಂದುಂಟು. ಈ ಜಿಲ್ಲೆಯ ಯಾವುದಾದರೂ ಶಾಲೆಯಲ್ಲಿ ಹುಡುಗನೊಬ್ಬನು ಎದ್ದು ನಿಂತು, ಸ್ವಾಮಿ, ಇಲ್ಲಿ ತಪ್ಪಿದೆ ಎಂದಾಗ, ಉಪಾಧ್ಯಾಯರು ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಇಳಿಸಿ, ಹಲಗೆಯ ಕಡೆಗೆ ತಿರುಗಿ, ಲೆಕ್ಕವನ್ನು ಮೊದಲಿನಿಂದ ನೋಡಲಿ.